ದೂರಯಾನವನ್ನು ಬಿಟ್ಟ ವೈಮಾನಿಕನು ತಪ್ಪಿತಸ್ಥನೇ?

ಕಳೆದ ಮಾಘಮಾಸದಲ್ಲಿ ಹೊಸಬಾಳೆಯ ಒಂದು ಉಪನಯನದ ಮನೆಯಲ್ಲಿ, ಊಟವಾದ ಬಳಿಕ ಜಗುಲಿಯ ಮೇಲೆ ಕವಳ ಹಾಕುತ್ತ ಕುಳಿತಿದ್ದ ಹತ್ತೆಂಟು ಮಂದಿ ಗೃಹಸ್ಥರ ನಡುವೆ ಒಂದು ಮಾತು ಹೊರಟಿತು. ನಮ್ಮ ಸೀಮೆಯ ತರುಣನೊಬ್ಬನು ಹಲವು ವರ್ಷ ದೊಡ್ಡ ವಿಮಾನಗಳನ್ನು ಸಮುದ್ರದಾಚೆಯ ಖಂಡಗಳಿಗೆ ನಡೆಸುತ್ತಿದ್ದವನು, ಈಗ ಆ ಕೆಲಸವನ್ನು ತಾನಾಗಿಯೇ ಬಿಟ್ಟು, ಬೆಳಗ್ಗೆ ಬೆಂಗಳೂರಿನಿಂದ ಹೊರಟು ಸಂಜೆಗೆ ಬೆಂಗಳೂರಿಗೇ ಮರಳುವ ಸಣ್ಣ ವಿಮಾನದ ಕೆಲಸಕ್ಕೆ ಸೇರಿದ್ದಾನೆ. ಸಂಬಳವೂ ಮೊದಲಿಗಿಂತ ಕಡಿಮೆಯಂತೆ. ಈ ಸಂಗತಿಯನ್ನು ಕುರಿತು ಒಬ್ಬರು, “ಅಮೆರಿಕಕ್ಕೆ ಹೋಗುತ್ತಿದ್ದವನು ಈಗ ಶಿವಮೊಗ್ಗಕ್ಕೆ ಟ್ರಿಪ್ಪು ಹೊಡೆಯುತ್ತಾನೆ, ಸೊರಬದ ಬಸ್ಸಿನ ಡ್ರೈವರನಿಗೂ ಇವನಿಗೂ ಏನು ಭೇದ?” ಎಂದರು. ಮತ್ತೊಬ್ಬರು, “ತಂದೆ ತೋಟ ಅಡವಿಟ್ಟು ಓದಿಸಿದ್ದು ಇದಕ್ಕೇ?” ಎಂದರು. ಮೂರನೆಯವರು, “ಈಗಿನ ಹುಡುಗರಿಗೆ ಕಷ್ಟ ಬೇಡ ಮಾಸ್ತರೇ, ಸುಖ ಬೇಕು” ಎಂದು ನನ್ನ ಕಡೆಗೆ ನೋಡಿದರು. ಆ ತರುಣನು ನನ್ನ ತರಗತಿಯಲ್ಲಿ ಕುಳಿತು ಓದಿದವನಾದುದರಿಂದ ನಾನು ಏನಾದರೂ ಹೇಳುವೆನೆಂದು ಅವರ ನಿರೀಕ್ಷೆಯಿದ್ದಿರಬಹುದು. ಶುಭಕಾರ್ಯದ ಮನೆಯಲ್ಲಿ ವಾದ ಸಲ್ಲದೆಂದು ನಾನು ಸುಮ್ಮನಿದ್ದೆನು. ಸುಮ್ಮನಿದ್ದುದು ತಪ್ಪಾಯಿತೆಂದು ಮನೆಗೆ ಬಂದ ಮೇಲೆ ತೋರಿತು. ಏಕೆಂದರೆ ಆ ತರುಣನ ತಂದೆಯೂ ಅದೇ ಜಗುಲಿಯ ಕೊನೆಯಲ್ಲಿ ಕುಳಿತಿದ್ದರು. ಅವರು ತಲೆಯನ್ನೇ ಎತ್ತಲಿಲ್ಲ. ಅಂದು ಆಡದೆ ಉಳಿದ ಮಾತನ್ನು ಇಂದು ಈ ಪತ್ರಿಕೆಯ ಮೂಲಕ ಆಡುತ್ತೇನೆ.

ನನ್ನ ಅಭಿಪ್ರಾಯವನ್ನು ಮುಚ್ಚುಮರೆಯಿಲ್ಲದೆ ಮೊದಲೇ ಹೇಳಿಬಿಡುವುದು ಲೇಸು. ಖಂಡಾಂತರಯಾನವನ್ನು ಬಿಟ್ಟು, ರಾತ್ರಿ ನಿದ್ರೆ ದೊರೆಯುವ, ಮನೆಯವರ ಮುಖ ಕಾಣುವ ವಿಮಾನವೃತ್ತಿಯನ್ನು ಆರಿಸಿಕೊಂಡ ವೈಮಾನಿಕನು ತಪ್ಪು ಮಾಡಿದವನಲ್ಲ. ತಪ್ಪು ಇರುವುದು, ಮಗನ ಮಾನವನ್ನು ಅವನು ಹೋದ ಮೈಲಿಗಳಿಂದ ಅಳೆಯುವ ನಮ್ಮ ಅಳತೆಗೋಲಿನಲ್ಲಿ. ಈ ಮಾತಿಗೆ ಎದುರಾಗಿ ನಿಲ್ಲುವ ಆಕ್ಷೇಪಗಳು ನಾಲ್ಕು. ಅವನು ಸುಖಾಪೇಕ್ಷಿಯೆಂಬುದು ಮೊದಲನೆಯದು; ಮೇಲಿನಿಂದ ಕೆಳಕ್ಕೆ ಬಿದ್ದನೆಂಬುದು ಎರಡನೆಯದು; ತಂದೆಯ ಋಣವನ್ನು ಮರೆತನೆಂಬುದು ಮೂರನೆಯದು; ದೇಶಕ್ಕೆ ನಷ್ಟ ಮಾಡಿದನೆಂಬುದು ನಾಲ್ಕನೆಯದು. ಪೂರ್ವಪಕ್ಷವನ್ನು ದುರ್ಬಲವಾಗಿ ಹೇಳಿ ಗೆಲ್ಲುವವನು ಗೆದ್ದವನಲ್ಲವೆಂದು ಪಾಠಶಾಲೆಯಲ್ಲಿ ನಮ್ಮ ಗುರುಗಳು ಕಲಿಸಿದ್ದರು. ಆದಕಾರಣ ಒಂದೊಂದನ್ನೂ ಅದರ ಪೂರ್ಣಬಲದೊಡನೆಯೇ ಎತ್ತಿಕೊಂಡು ವಿಚಾರಮಾಡುತ್ತೇನೆ.

ಅದಕ್ಕೆ ಮೊದಲು ದೂರಯಾನದ ಹಿರಿಮೆಯನ್ನು ಒಪ್ಪಿಕೊಳ್ಳುವುದು ನ್ಯಾಯ. 1932ರ ಅಕ್ಟೋಬರ್ 15ರಂದು ಜೆ. ಆರ್. ಡಿ. ಟಾಟಾ ಅವರು ಟಪಾಲನ್ನು ಹೊತ್ತ ಪುಟ್ಟ ವಿಮಾನವನ್ನು ಕರಾಚಿಯಿಂದ ಮುಂಬಯಿಗೆ ನಡೆಸಿದರು. 1948ರ ಜೂನ್ 8ರಂದು ಏರ್ ಇಂಡಿಯಾ ಇಂಟರ್‌ನ್ಯಾಷನಲ್ ಸಂಸ್ಥೆಯ ವಿಮಾನವು ಮುಂಬಯಿಯಿಂದ ಹೊರಟು, ಕೈರೋ ಮತ್ತು ಜಿನೀವಾ ನಗರಗಳಲ್ಲಿ ಇಳಿದು, ಲಂಡನ್ನಿಗೆ ಮುಟ್ಟಿತು. 2021ರ ಜನವರಿಯಲ್ಲಿ ನಾಲ್ವರು ಮಹಿಳಾ ವೈಮಾನಿಕರು ಸ್ಯಾನ್ ಫ್ರಾನ್ಸಿಸ್ಕೋದಿಂದ ಏರ್ ಇಂಡಿಯಾ ವಿಮಾನವನ್ನು ಉತ್ತರಧ್ರುವದ ಮೇಲಿಂದ ಹಾಯಿಸಿ, ನಡುವೆ ಎಲ್ಲಿಯೂ ನೆಲ ಮುಟ್ಟದೆ ನಮ್ಮ ಬೆಂಗಳೂರಿಗೇ ತಂದಿಳಿಸಿದರು. ಸುಮಾರು 14,000 ಕಿಲೋಮೀಟರು ಅಂತರವಿರುವ ಎರಡು ಊರುಗಳು ಒಂದೇ ನೆಗೆತಕ್ಕೆ ಸಿಕ್ಕಿದುವು. ಆ ಸುದ್ದಿಯನ್ನು ಓದಿದ ದಿನ ನಾನೂ ಹಿಗ್ಗಿದವನೇ. ಆದರೆ ಈ ಮೂರು ವರ್ಷಗಳನ್ನು ಒಂದರ ಪಕ್ಕದಲ್ಲಿ ಒಂದನ್ನಿಟ್ಟು ನೋಡಿದರೆ ಒಂದು ಅಂಶ ಕಣ್ಣಿಗೆ ಬೀಳುತ್ತದೆ. ಹಿಂದೆ ಯಂತ್ರಕ್ಕೆ ಎಣ್ಣೆ ಬೇಕಾಗಿದ್ದುದರಿಂದ ನಡುದಾರಿಯಲ್ಲಿ ನಿಲ್ಲಬೇಕಾಗಿತ್ತು. ಯಂತ್ರವು ಬಲಿಷ್ಠವಾಗಿ ಆ ನಿಲುಗಡೆ ತಪ್ಪಿತು. ಯಂತ್ರದ ನೆಪದಲ್ಲಿ ಮನುಷ್ಯನಿಗೆ ಸಿಗುತ್ತಿದ್ದ ನಿಲುಗಡೆಯೂ ಅದರೊಡನೆ ತಪ್ಪಿತು. ಎಪ್ಪತ್ತು ವರ್ಷಗಳಲ್ಲಿ ಇಂಜಿನು ಬದಲಾಯಿತು, ರೆಕ್ಕೆ ಬದಲಾಯಿತು. ಚಾಲಕನ ಆಸನದಲ್ಲಿ ಕುಳಿತವನ ಶರೀರ ಮಾತ್ರ ಹಿಂದಿನದೇ ಆಗಿ ಉಳಿದಿದೆ.

ಈಗ ಮೊದಲನೆಯ ಆಕ್ಷೇಪ. ಕಷ್ಟಕ್ಕೆ ಹೆದರಿ ಸುಖವನ್ನು ಅರಸಿದನೆಂಬ ಮಾತು. ಆ ಕಷ್ಟವು ಎಂತಹುದೆಂದು ವಿಚಾರಿಸಿದವರು ನಮ್ಮಲ್ಲಿ ಎಷ್ಟು ಮಂದಿ? ಹದಿನಾರು ಹದಿನೇಳು ಗಂಟೆಯ ಹಾರಾಟಕ್ಕೆ ಇಬ್ಬರು ಸಾಲದೆಂದು ನಾಲ್ವರು ವೈಮಾನಿಕರನ್ನು ಕಳುಹಿಸುತ್ತಾರೆ. ಇಬ್ಬರು ನಡೆಸುವಾಗ ಇಬ್ಬರು ವಿಮಾನದೊಳಗಿನ ಕಿರಿದಾದ ಮಂಚದ ಮೇಲೆ ಮಲಗಬೇಕು. ಕಿವಿಯಲ್ಲಿ ಇಂಜಿನಿನ ಮೊರೆತ, ಬೆನ್ನಿನ ಕೆಳಗೆ ಗಾಳಿಯ ಅಲುಗಾಟ. ಇನ್ನು ನಾಲ್ಕು ಗಂಟೆಯ ಮೇಲೆ ಎದ್ದು ನೂರಾರು ಪ್ರಾಣಗಳನ್ನು ನೆಲಕ್ಕಿಳಿಸಬೇಕೆಂಬ ಎಚ್ಚರ. ಇದನ್ನು ನಿದ್ರೆಯೆನ್ನಬಹುದಾದರೆ ಜ್ವರದ ಮಂಪರನ್ನೂ ನಿದ್ರೆಯೆನ್ನಬಹುದು. ಇಳಿದ ಊರಿನಲ್ಲಿ ಹಗಲು. ಅವನ ಶರೀರದೊಳಗೆ ನಡುರಾತ್ರಿ. ಬೆಂಗಳೂರಿಗೂ ಸ್ಯಾನ್ ಫ್ರಾನ್ಸಿಸ್ಕೋಗೂ ಇರುವ ಕಾಲಭೇದವು ಬೇಸಿಗೆಯಲ್ಲಿ ಹನ್ನೆರಡೂವರೆ ಗಂಟೆ, ಚಳಿಗಾಲದಲ್ಲಿ ಹದಿಮೂರೂವರೆ ಗಂಟೆ. ಒಂದು ಗಂಟೆಯ ಭೇದಕ್ಕೆ ಹೊಂದಿಕೊಳ್ಳಲು ಶರೀರಕ್ಕೆ ಸುಮಾರು ಒಂದು ದಿನ ಬೇಕೆಂದು ವೈದ್ಯರ ಸಾಮಾನ್ಯ ಲೆಕ್ಕ. ಹೀಗಿರಲು, ಅಲ್ಲಿಯ ಕಾಲಕ್ಕೆ ಅವನು ಹೊಂದಿಕೊಳ್ಳುವ ಮೊದಲೇ ಹಿಂದಿರುಗಬೇಕಾಗುತ್ತದೆ. ಇಲ್ಲಿಯ ಕಾಲಕ್ಕೆ ಹೊಂದಿಕೊಳ್ಳುವ ಮೊದಲೇ ಮತ್ತೆ ಹೊರಡಬೇಕಾಗುತ್ತದೆ. ಅವನಿಗೆ ಯಾವ ಊರಿನ ಸೂರ್ಯನೂ ತನ್ನವನಲ್ಲ.

ನಿದ್ರೆಯನ್ನು ಸುಖವೆಂದೂ ಎಚ್ಚರವನ್ನು ಪುರುಷಾರ್ಥವೆಂದೂ ಬಗೆಯುವವರು ನಮ್ಮ ಪ್ರಾಚೀನ ವೈದ್ಯಶಾಸ್ತ್ರವನ್ನು ಮರೆತಿದ್ದಾರೆ. ಚರಕಸಂಹಿತೆಯು ಆಹಾರ, ನಿದ್ರೆ, ಬ್ರಹ್ಮಚರ್ಯ ಎಂಬ ಮೂರನ್ನು ಶರೀರದ ಉಪಸ್ತಂಭಗಳೆಂದು ಎಣಿಸಿದೆ. ಮನೆಗೆ ಕಂಬವು ಭೋಗವಸ್ತುವಲ್ಲ. ಕಂಬ ಕಿತ್ತರೆ ಮಾಡು ಬೀಳುತ್ತದೆ. ನವೀನ ವಿಜ್ಞಾನವೂ ಇದನ್ನೇ ಬೇರೆ ದಾರಿಯಿಂದ ಸೇರಿದೆ. ಪ್ರಾಣಿಗಳ ಜೀವಕೋಶಗಳೊಳಗೆ ಹಗಲಿರುಳನ್ನು ಅನುಸರಿಸಿ ನಡೆಯುವ ಗಡಿಯಾರ ಹೇಗಿದೆಯೆಂಬುದನ್ನು ಕಂಡುಹಿಡಿದ ಮೂವರು ವಿಜ್ಞಾನಿಗಳಿಗೆ 2017ರಲ್ಲಿ ವೈದ್ಯಶಾಸ್ತ್ರದ ನೊಬೆಲ್ ಪಾರಿತೋಷಕ ದೊರೆಯಿತು. ಆ ಗಡಿಯಾರವನ್ನು ಕೆಡಿಸುವ ಇರುಳಪಾಳಿಯ ಕೆಲಸವು ಪ್ರಾಯಶಃ ಅರ್ಬುದರೋಗಕ್ಕೆ, ಎಂದರೆ ಕ್ಯಾನ್ಸರಿಗೆ, ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ ಸಂಶೋಧನಾ ಮಂಡಲಿಯು 2007ರಲ್ಲಿ ವರ್ಗೀಕರಿಸಿತು. 2019ರಲ್ಲಿ ಮತ್ತೆ ಪರಿಶೀಲಿಸಿ ಅದನ್ನೇ ಸ್ಥಿರಪಡಿಸಿತು. ಇದಲ್ಲದೆ ಅತಿ ಎತ್ತರದಲ್ಲಿಯೂ ಧ್ರುವದ ಸಮೀಪದಲ್ಲಿಯೂ ಆಕಾಶದಿಂದ ಬರುವ ವಿಕಿರಣವು ನೆಲದ ಮೇಲಿಗಿಂತ ಹೆಚ್ಚು. ಇವೆಲ್ಲವನ್ನೂ ಬಲ್ಲವನೊಬ್ಬನು, “ಹತ್ತು ವರ್ಷ ಸಹಿಸಿದೆ, ಇನ್ನು ಸಾಕು” ಎಂದರೆ ಅದು ಹೇಡಿತನವೇ? ಅಡಕೆಯ ಕೊನೆ ಕೊಯ್ಯಲು ಮರ ಹತ್ತುವವನು ಹಿಂದಿನ ರಾತ್ರಿ ಯಕ್ಷಗಾನದಲ್ಲಿ ಬೆಳಗು ಮಾಡಿ ಬಂದಿದ್ದರೆ ನಾವೇ ಅವನನ್ನು ಹತ್ತಗೊಡುವುದಿಲ್ಲ. ಅಡಕೆಮರದ ತುದಿಯಲ್ಲಿ ಬೇಡವಾದ ತೂಕಡಿಕೆಯು ಆಕಾಶದಲ್ಲಿ ಮಾತ್ರ ಶೌರ್ಯವಾಯಿತೆ?

ಇದು ತರ್ಕಕ್ಕಾಗಿ ಕಟ್ಟಿದ ಮಾತೆಂದು ಯಾರೂ ತಿಳಿಯಬಾರದು. 2010ರ ಮೇ 22ರ ಮುಂಜಾವಿನಲ್ಲಿ ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನವು ಮಂಗಳೂರಿನ ಗುಡ್ಡದ ಮೇಲಿನ ರನ್‌ವೇಯನ್ನು ಮೀರಿ ಕೆಳಗಿನ ಕಣಿವೆಗೆ ಉರುಳಿತು. 166 ಮಂದಿಯಲ್ಲಿ 158 ಮಂದಿ ತೀರಿಹೋದರು; ಎಂಟು ಮಂದಿ ಮಾತ್ರ ಉಳಿದರು. ಆ ವಿಮಾನದ ಕ್ಯಾಪ್ಟನ್ನರು ಹೊಸಬರಲ್ಲ. 10,000 ಗಂಟೆಗಳಿಗಿಂತ ಹೆಚ್ಚು ಹಾರಿದವರು. ಆದರೆ ದಾರಿಯಲ್ಲಿ ಅವರು ಒಂದೂವರೆ ಗಂಟೆಗೂ ಮಿಕ್ಕಿ ನಿದ್ರಿಸಿದ್ದರೆಂಬುದು ವಿಮಾನದ ಧ್ವನಿಮುದ್ರಿಕೆಯಿಂದ ತಿಳಿದುಬಂತು. ನಿದ್ರೆಯಿಂದ ಎದ್ದೊಡನೆ ಬುದ್ಧಿಗೆ ಅಂಟಿಕೊಂಡಿರುವ ಜಡತೆಯು ಅವರ ನಿರ್ಧಾರವನ್ನು ಕೆಡಿಸಿರಬಹುದೆಂದು ವಿಚಾರಣಾ ನ್ಯಾಯಾಲಯವು ವರದಿಮಾಡಿತು. ಇಳಿಯಬೇಡಿರಿ, ಮತ್ತೆ ಮೇಲಕ್ಕೇರೋಣವೆಂದು ಸಹಚಾಲಕರು ಮೂರು ಬಾರಿ ಎಚ್ಚರಿಸಿದರೂ ವಿಮಾನವು ಇಳಿಯಿತು. ಮೃತರ ಮೇಲೆ ದೋಷ ಹೊರಿಸಲು ನಾನು ಇದನ್ನು ಬರೆಯುತ್ತಿಲ್ಲ. ಹತ್ತು ಸಾವಿರ ಗಂಟೆಯ ಅನುಭವವನ್ನೂ ಕೆಟ್ಟ ನಿದ್ರೆಯೊಂದು ನುಂಗಬಲ್ಲದೆಂಬುದಕ್ಕೆ ನಮ್ಮ ಕರ್ನಾಟಕದ ನೆಲದಲ್ಲಿಯೇ ಸಾಕ್ಷ್ಯವಿರುವಾಗ, ನಿದ್ರೆಯನ್ನು ಕೇಳಿದವನನ್ನು ಸೋಮಾರಿಯೆನ್ನುವ ನಾಲಗೆಗೆ ಸ್ವಲ್ಪ ಸಂಕೋಚ ಇರಬೇಕು.

ಇಲ್ಲಿ ಒಂದು ಮಾತನ್ನು ನನ್ನ ಪಕ್ಷಕ್ಕೆ ವಿರುದ್ಧವಾಗಿಯೇ ಹೇಳತಕ್ಕದ್ದಾಗಿದೆ. ದುಬೈಯಿಂದ ಮಂಗಳೂರಿಗೆ ನಾಲ್ಕು ಗಂಟೆಯೊಳಗಿನ ದಾರಿ, ಅದು ದೂರಯಾನವಲ್ಲ. ಹತ್ತಿರದ ಹಾರಾಟವೆಂದ ಮಾತ್ರಕ್ಕೆ ಆಯಾಸವಿಲ್ಲವೆನ್ನಲಾಗದು. ನಸುಕಿನ ಮೂರು ಗಂಟೆಗೆ ಎದ್ದು ದಿನಕ್ಕೆ ನಾಲ್ಕು ಬಾರಿ ಏರಿ ಇಳಿಯುವವನೂ ದಣಿಯುತ್ತಾನೆ. ಆದುದರಿಂದ ಬಿಡತಕ್ಕದ್ದು ಇಂತಿಷ್ಟು ಮೈಲಿಯನ್ನಲ್ಲ. ಇರುಳನ್ನು ಕದಿಯುವ, ಕಾಲವನ್ನು ಕಲಸುವ ಕ್ರಮವನ್ನು. ನನ್ನ ಶಿಷ್ಯನು ಹೊಸ ಕೆಲಸಕ್ಕೆ ಸೇರುವ ಮೊದಲು ಸಂಬಳವನ್ನು ಕೇಳುವುದಕ್ಕೆ ಮುಂಚೆ ಪಾಳಿಯ ಪಟ್ಟಿಯನ್ನು ಕೇಳಿದನಂತೆ. ವಿವೇಕವೆಂದರೆ ಅದೇ. ಸುಖವನ್ನು ಅರಸಿದವನು ಹಾಸಿಗೆಯ ಮೆತ್ತೆಯನ್ನು ಕೇಳುತ್ತಾನೆ. ಧರ್ಮವನ್ನು ಅರಸಿದವನು ತಾನು ಎಚ್ಚರವಾಗಿರಬೇಕಾದ ಹೊತ್ತು ಯಾವುದೆಂದು ಕೇಳುತ್ತಾನೆ.

ಎರಡನೆಯ ಆಕ್ಷೇಪವು ಪತನದ ಮಾತು. ಅಮೆರಿಕ ಮೇಲು, ಶಿವಮೊಗ್ಗ ಕೀಳು. ಮುನ್ನೂರು ಆಸನದ ವಿಮಾನ ಮೇಲು, ಎಪ್ಪತ್ತೆಂಬತ್ತು ಆಸನದ್ದು ಕೀಳು. ಈ ತಾರತಮ್ಯವನ್ನು ಯಾವ ಶಾಸ್ತ್ರದಿಂದ ತೆಗೆದರೋ ತಿಳಿಯದು. ಸೋಗಾನೆಯ ವಿಮಾನನಿಲ್ದಾಣವು 2023ರ ಫೆಬ್ರವರಿ 27ರಂದು ಉದ್ಘಾಟನೆಯಾದಾಗ ಇದೇ ಗೃಹಸ್ಥರು ಸಂಭ್ರಮಪಟ್ಟರು. ಅದೇ ವರ್ಷ ಆಗಸ್ಟ್ 31ರಂದು ಬೆಂಗಳೂರಿನಿಂದ ಮೊದಲ ಪ್ರಯಾಣಿಕ ವಿಮಾನ ಅಲ್ಲಿಗೆ ಬಂದಾಗ, ಮಲೆನಾಡಿಗೆ ರೆಕ್ಕೆ ಬಂತೆಂದು ಹೇಳಿದವರೂ ಇವರೇ. ವಿಮಾನವು ಬಂದುದು ಗೌರವ, ಅದನ್ನು ತಂದವನು ಮಾತ್ರ ಅಗೌರವಕ್ಕೆ ಪಾತ್ರನೆಂಬುದು ಯಾವ ನ್ಯಾಯ? ಕುಶಲತೆಯ ದೃಷ್ಟಿಯಿಂದ ನೋಡಿದರೂ ಈ ತಾರತಮ್ಯ ನಿಲ್ಲುವುದಿಲ್ಲ. ದೂರಯಾನದಲ್ಲಿ ನಾಲ್ವರಿಗೆ ಸೇರಿ ಒಂದೇ ಏರಿಕೆ, ಒಂದೇ ಇಳಿತ. ತಿಂಗಳಿಗೆ ಕೆಲವೇ ಬಾರಿ ಕೈಗೆ ಆ ಅವಕಾಶ ಸಿಗುತ್ತದೆ. ತೊಂಬತ್ತು ದಿನಗಳಲ್ಲಿ ಕನಿಷ್ಠ ಮೂರು ಬಾರಿಯಾದರೂ ಏರಿ ಇಳಿದಿರಬೇಕೆಂದು ನಿಯಮ ಮಾಡಬೇಕಾಗಿ ಬಂದಿರುವುದೇ ಇದಕ್ಕೆ ನಿದರ್ಶನ. ಸಣ್ಣ ವಿಮಾನದವನು ಅಷ್ಟನ್ನು ಎರಡು ದಿನದಲ್ಲಿ ಮುಗಿಸುತ್ತಾನೆ. ಮಳೆಗಾಲದ ಮಲೆನಾಡಿನ ಮೋಡದೊಳಗಿಂದ ರನ್‌ವೇಯನ್ನು ಹುಡುಕಿ ಇಳಿಸುವುದು ಮಕ್ಕಳಾಟವಲ್ಲ. ಇನ್ನು ಬಸ್ಸಿನ ಡ್ರೈವರನ ಹೋಲಿಕೆ. ಸೊರಬದ ಬಸ್ಸನ್ನು ಜಡಿಮಳೆಯಲ್ಲಿ, ಮುರಿದ ರಸ್ತೆಯಲ್ಲಿ ನಡೆಸಿ ನಮ್ಮ ಮಕ್ಕಳನ್ನು ಶಾಲೆಗೆ ಮುಟ್ಟಿಸಿದವನು ಅವನು. ಆ ಹೋಲಿಕೆಯಿಂದ ನನ್ನ ಶಿಷ್ಯನಿಗೆ ಅವಮಾನವಾಯಿತೆಂದು ನನಗೆ ತೋರುವುದಿಲ್ಲ. ಹೋಲಿಸಿದವರಿಗೆ ಆ ಡ್ರೈವರನ ಬೆಲೆ ತಿಳಿಯದೆಂಬುದು ಮಾತ್ರ ಸ್ಪಷ್ಟವಾಯಿತು.

ವೃತ್ತಿಯನ್ನು ಬದಲಿಸುವುದೇ ಭ್ರಷ್ಟತೆಯೆನ್ನುವವರು ನಮ್ಮ ನೆರೆಯ ಶಿಕಾರಿಪುರ ತಾಲ್ಲೂಕಿನ ತಾಳಗುಂದಕ್ಕೆ ಒಮ್ಮೆ ಹೋಗಿಬರಬೇಕು. ಪ್ರಣವೇಶ್ವರ ದೇವಾಲಯದ ಮುಂದಿರುವ ಕಲ್ಲುಕಂಬದಲ್ಲಿ ಕುಬ್ಜನೆಂಬ ಕವಿಯು ಸಂಸ್ಕೃತದಲ್ಲಿ ರಚಿಸಿದ ಶಾಸನವಿದೆ. ಆ ಊರಿನ ಮಯೂರಶರ್ಮನು ಗುರುವಾದ ವೀರಶರ್ಮನೊಡನೆ ವೇದಾಧ್ಯಯನಕ್ಕೆಂದು ಕಾಂಚಿಯ ಘಟಿಕೆಗೆ ಹೋದುದನ್ನೂ, ಅಲ್ಲಿ ಪಲ್ಲವರ ಕುದುರೆಯಾಳಿನೊಡನೆ ಕಲಹವಾದುದನ್ನೂ, ಅನಂತರ ಅವನು ದರ್ಭೆ ಹಿಡಿದ ಕೈಯಲ್ಲಿ ಶಸ್ತ್ರ ಹಿಡಿದುದನ್ನೂ ಅದು ಹೇಳುತ್ತದೆ. ಆ ಕಾಲದಲ್ಲಿ ಕಾಂಚಿಯ ಘಟಿಕೆಗಿಂತ ದೊಡ್ಡ ವಿದ್ಯಾಸ್ಥಾನ ದಕ್ಷಿಣದಲ್ಲಿ ಯಾವುದಿತ್ತು? ಅದನ್ನು ಬಿಟ್ಟು ಬಂದವನನ್ನು ಅಂದಿನ ಜಗುಲಿಗಳ ಮೇಲೆ ಏನೆಂದು ಆಡಿಕೊಂಡರೋ! ಆದರೆ ಹಾಗೆ ಬಿಟ್ಟುಬಂದುದರಿಂದಲೇ ಬನವಾಸಿಯಲ್ಲಿ ಕದಂಬರಾಜ್ಯವಾಯಿತು. ನನ್ನ ಶಿಷ್ಯನು ರಾಜ್ಯ ಕಟ್ಟುತ್ತಾನೆಂದು ನಾನು ಹೇಳುವುದಿಲ್ಲ. ದೊಡ್ಡ ಸ್ಥಾನವನ್ನು ಬಿಟ್ಟು ಊರ ದಿಕ್ಕಿಗೆ ತಿರುಗಿದವನೆಲ್ಲ ಸೋತವನಲ್ಲವೆಂದಷ್ಟೇ ಹೇಳುತ್ತೇನೆ.

ಮೂರನೆಯದು ಪಿತೃಋಣ. ಈ ಆಕ್ಷೇಪಕ್ಕೆ ತೂಕವಿದೆಯೆಂದು ಒಪ್ಪುತ್ತೇನೆ. ವಾಣಿಜ್ಯ ವೈಮಾನಿಕನ ಪರವಾನಗಿಗೆ 200 ಗಂಟೆಯ ಹಾರಾಟ ಬೇಕು. ಒಂದೊಂದು ಗಂಟೆಗೂ ಹಣ ಸುರಿಯಬೇಕು. ಅಷ್ಟಾದ ಮೇಲೂ ಆಯಾ ಜಾತಿಯ ವಿಮಾನಕ್ಕೆ ಬೇರೆ ಶಿಕ್ಷಣ. ಕ್ಯಾಪ್ಟನ್ನಾಗಲು ಬೇಕಾದ ಮೇಲಿನ ಪರವಾನಗಿಗೆ 1,500 ಗಂಟೆ. ನಮ್ಮ ಸೀಮೆಯ ಮಧ್ಯಮ ಹಿಡುವಳಿದಾರನಿಗೆ ಇದು ತೋಟವನ್ನು ಅಡವಿಡುವ ಮಾತೇ ಸರಿ. ಆದರೆ ಬ್ಯಾಂಕಿನ ಸಾಲವನ್ನು ಆ ತರುಣನು ಪೂರ್ತಿ ತೀರಿಸಿದ ಮೇಲೆಯೇ ಕೆಲಸವನ್ನು ಬದಲಿಸಿದನು; ತೋಟದ ಕಾಗದಪತ್ರ ಮನೆಗೆ ಬಂದಿದೆ. ಹಾಗಿರಲು ಉಳಿದ ಋಣ ಯಾವುದು? ತಂದೆತಾಯಿಗಳ ಋಣ. ಅದನ್ನು ಡಾಲರಿನಲ್ಲಿ ತೀರಿಸಲಾಗುವುದಾದರೆ ನಮ್ಮ ಹಳ್ಳಿಗಳಲ್ಲಿ ಅನಾಥ ವೃದ್ಧರೇ ಇರುತ್ತಿರಲಿಲ್ಲ.

ವಾಚಕರು ತಮ್ಮ ಊರಿನ ಮನೆಗಳನ್ನೇ ಒಮ್ಮೆ ಎಣಿಸಿ ನೋಡಬೇಕು. ಎಂಟು ಅಂಕಣದ ಮನೆ. ಒಳಗೆ ಎರಡು ಮುದಿಜೀವಗಳು. ಆರು ಕೋಣೆಗಳಿಗೆ ಬೀಗ. ಕೊಯ್ಲಿನ ಕಾಲದಲ್ಲಿ ಅಡಕೆ ಸುಲಿಯಲು ಮನೆಯ ಕೈಗಳಿಲ್ಲ. ದೇವರ ಮುಂದೆ ಹಣತೆ ಹಚ್ಚಿದ ಮೇಲೆ ಮಾತಾಡಲು ಯಾರೂ ಇಲ್ಲ. ಗೋಡೆಯ ಮೇಲೆ ಮಾತ್ರ ಮಗನು ವಿಮಾನದ ಮುಂದೆ ನಿಂತ ಭಾವಚಿತ್ರ. ಬಂದವರೆಲ್ಲರಿಗೂ ಆ ಚಿತ್ರವನ್ನು ತೋರಿಸುವುದೇ ಮಗನೊಡನೆ ಇದ್ದಂತೆ ಎಂದು ತಂದೆಯು ತನ್ನನ್ನು ತಾನು ಸಂತೈಸಿಕೊಳ್ಳುತ್ತಾನೆ. ನನ್ನ ಶಿಷ್ಯನು ದೂರಯಾನದಲ್ಲಿದ್ದಾಗ ಅವನ ಅಜ್ಜಿ ತೀರಿಕೊಂಡರು. ಅವನನ್ನು ಎತ್ತಿ ಆಡಿಸಿದವರು ಅವರು. ಅವನು ಬಂದುದು ಹನ್ನೊಂದನೆಯ ದಿನಕ್ಕೆ. ಕಳೆದ ಮಳೆಗಾಲದಲ್ಲಿ ಅವನ ತಾಯಿ ಹಿತ್ತಿಲ ಪಾಚಿಯಲ್ಲಿ ಜಾರಿಬಿದ್ದು ಸೊಂಟದ ಮೂಳೆ ಮುರಿದುಕೊಂಡಾಗ, ಮರುದಿನ ಮಧ್ಯಾಹ್ನಕ್ಕೆ ಮಗನು ಶಿವಮೊಗ್ಗದ ಆಸ್ಪತ್ರೆಯಲ್ಲಿ ಅವರ ಮಂಚದ ಪಕ್ಕದಲ್ಲಿದ್ದನು. ಸಂಬಳ ಕಡಿಮೆಯಾಯಿತೆಂದು ಲೆಕ್ಕ ಹಾಕಿದ ಗೃಹಸ್ಥರು ಹನ್ನೊಂದನೆಯ ದಿನಕ್ಕೂ ಮರುದಿನ ಮಧ್ಯಾಹ್ನಕ್ಕೂ ಇರುವ ಅಂತರದ ಬೆಲೆಯನ್ನು ಯಾವ ಅಂಕಣದಲ್ಲಿ ಬರೆಯುತ್ತಾರೆ?

ಅವನಿಗೆ ಹೆಂಡತಿಯೂ ಆರು ವರ್ಷದ ಮಗಳೂ ಇದ್ದಾರೆ. ವೈಮಾನಿಕಳಾದ ಹೆಂಗಸೊಬ್ಬಳು ಮಕ್ಕಳಿಗಾಗಿ ದೂರದ ಪಾಳಿಯನ್ನು ಬಿಟ್ಟರೆ ನಮ್ಮ ಜನ “ಸಹಜ” ಎನ್ನುತ್ತಾರೆ. ಗಂಡಸು ಬಿಟ್ಟರೆ “ದುರ್ಬಲ” ಎನ್ನುತ್ತಾರೆ. ಮೊದಲನೆಯ ಮಾತಿನಿಂದ ಹೆಣ್ಣಿಗೆ ವೃತ್ತಿಯು ಹಗುರವೆಂದು ಹೇಳಿದಂತಾಯಿತು. ಎರಡನೆಯದರಿಂದ ಗಂಡಿಗೆ ಮನೆಯು ಹಗುರವೆಂದು ಹೇಳಿದಂತಾಯಿತು. ಗೃಹಸ್ಥಾಶ್ರಮವೆಂಬುದು ಹಣ ಕಳುಹಿಸುವವನ ಆಶ್ರಮವಲ್ಲ. ಗೃಹದಲ್ಲಿ ಇರುವವನ ಆಶ್ರಮ. ಆ ಶಬ್ದದ ಅರ್ಥವೇ ಅದು.

ನಾಲ್ಕನೆಯ ಆಕ್ಷೇಪ, ದೇಶದ ನಷ್ಟ. ನುರಿತ ವೈಮಾನಿಕರು ಸಾಲದಿರುವಾಗ ಒಬ್ಬನು ತನ್ನ ಅನುಕೂಲವನ್ನು ನೋಡಿಕೊಂಡರೆ ಸೇವೆ ನಡೆಯುವುದು ಹೇಗೆ ಎನ್ನುತ್ತಾರೆ. ಮೊದಲನೆಯದಾಗಿ, ಅವನು ಹಾರುವುದನ್ನು ಬಿಟ್ಟಿಲ್ಲ. ಹಾರುವ ದಾರಿಯನ್ನು ಬದಲಿಸಿದ್ದಾನೆ. ಅವನ ವಿದ್ಯೆಯು ದೇಶದಲ್ಲಿಯೇ, ಅದೂ ನಮ್ಮ ಜಿಲ್ಲೆಗೆ ಉಪಯೋಗವಾಗುತ್ತಿದೆ. ಎರಡನೆಯದಾಗಿ, ಕೊರತೆಗೆ ಕಾರಣ ಯಾರೆಂಬುದನ್ನು ಈಚಿನ ಇತಿಹಾಸವೇ ಹೇಳಿದೆ. 2024ರ ಜನವರಿಯಲ್ಲಿ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯವು ವೈಮಾನಿಕರ ವಿಶ್ರಾಂತಿಗೆ ಹೊಸ ನಿಯಮಗಳನ್ನು ಪ್ರಕಟಿಸಿತು. ವಾರದ ವಿಶ್ರಾಂತಿಯು 36 ಗಂಟೆಯಿಂದ 48 ಗಂಟೆಗೆ ಏರಬೇಕು. ರಾತ್ರಿಯೆಂದರೆ ನಡುರಾತ್ರಿಯಿಂದ ಬೆಳಗಿನ ಐದರವರೆಗೆ ಎಂದಿದ್ದುದು ಆರರವರೆಗೆ ಎಂದಾಗಬೇಕು. ರಾತ್ರಿಯಲ್ಲಿ ಇಳಿಸಬಹುದಾದ ಸಂಖ್ಯೆ ಆರರಿಂದ ಎರಡಕ್ಕೆ ಇಳಿಯಬೇಕು. ಆ ವರ್ಷದ ಜೂನಿನಲ್ಲಿ ಬರಬೇಕಾದ ನಿಯಮಗಳು ಮುಂದಕ್ಕೆ ಹೋದುವು. ದೆಹಲಿಯ ಉಚ್ಚ ನ್ಯಾಯಾಲಯದಲ್ಲಿ ವ್ಯಾಜ್ಯ ನಡೆದು, ಕಡೆಗೆ 2025ರ ಜುಲೈ 1ರಿಂದ ಒಂದು ಭಾಗವೂ ನವೆಂಬರ್ 1ರಿಂದ ಉಳಿದ ಭಾಗವೂ ಜಾರಿಗೆ ಬಂದುವು. ಸಿದ್ಧವಾಗಲು ಸುಮಾರು ಎರಡು ವರ್ಷ ಸಿಕ್ಕಂತಾಯಿತು. ಆದರೂ 2025ರ ಡಿಸೆಂಬರಿನ ಮೊದಲ ವಾರದಲ್ಲಿ ದೇಶದ ಅತಿ ದೊಡ್ಡ ಸಂಸ್ಥೆಯಾದ ಇಂಡಿಗೋ ಸಾವಿರಾರು ಹಾರಾಟಗಳನ್ನು ರದ್ದುಮಾಡಬೇಕಾಯಿತು. ಹೊಸ ನಿಯಮಕ್ಕೆ ಬೇಕಾದಷ್ಟು ವೈಮಾನಿಕರನ್ನು ಮೊದಲೇ ಹೊಂದಿಸಿಕೊಂಡಿರಲಿಲ್ಲ. ಆಗ ಸಡಿಲಗೊಂಡುದು ಯಾವುದು? ವಿಶ್ರಾಂತಿಯ ನಿಯಮ. ಆ ಸಂಸ್ಥೆಗೆ 2026ರ ಫೆಬ್ರವರಿ 10ರವರೆಗೆ ರಾತ್ರಿಯ ಕೆಲಸದ ಕಟ್ಟಳೆಗಳಿಂದ ವಿನಾಯಿತಿ ದೊರೆಯಿತು.

ಈ ಸಂಗತಿಯ ಅರ್ಥವನ್ನು ಗೃಹಸ್ಥರು ಗ್ರಹಿಸಬೇಕು. ಮನುಷ್ಯನಿಗೆ ಇಷ್ಟು ನಿದ್ರೆ ಬೇಕೆಂದು ಕಾನೂನೇ ಒಪ್ಪಿದ ಮೇಲೂ, ಅನಾನುಕೂಲ ಬಂದ ದಿನ ಮೊದಲು ಕತ್ತರಿ ಬೀಳುವುದು ಆ ನಿದ್ರೆಗೆ. ನಿಲ್ದಾಣದಲ್ಲಿ ಕಾದು ಕುಳಿತ ನಾವು ಪ್ರಯಾಣಿಕರೂ ಅಂದು “ಹೇಗಾದರೂ ವಿಮಾನ ಹೊರಡಲಿ” ಎಂದೇ ಕೂಗುತ್ತೇವೆ. ಕಾನೂನು, ಸಂಸ್ಥೆ, ಪ್ರಯಾಣಿಕ ಈ ಮೂವರೂ ತನ್ನ ನಿದ್ರೆಯನ್ನು ಕಾಯಲಾರರೆಂದು ಕಂಡಾಗ, ವೈಮಾನಿಕನು ಅದನ್ನು ತಾನೇ ಕಾಯ್ದುಕೊಳ್ಳಲು ಹೊರಟರೆ ಅವನನ್ನು ದೇಶದ್ರೋಹಿಯೆನ್ನಬಹುದೆ? ದೇಶಕ್ಕೆ ನಷ್ಟವಾಗುವುದು ಅವನು ದಾರಿ ಬದಲಿಸಿದುದರಿಂದಲ್ಲ. ಅವನಂತಹವರು ಇಪ್ಪತ್ತು ವರ್ಷ ನಿಲ್ಲಲಾಗದಂತೆ ಕೆಲಸವನ್ನು ಕಟ್ಟಿರುವುದರಿಂದ.

ಇಷ್ಟು ಹೇಳಿದ ಬಳಿಕ, ಬಿಡುವವನಿಗೂ ಒಂದು ಕಟ್ಟಳೆಯುಂಟೆಂದು ಹೇಳದಿದ್ದರೆ ನನ್ನ ಮಾತು ಪಕ್ಷಪಾತವಾದೀತು. ಕ್ಯಾಪ್ಟನ್ನನು ಒಂದು ವರ್ಷ, ಸಹಚಾಲಕನು ಆರು ತಿಂಗಳು ಮುಂಚಿತವಾಗಿ ತಿಳಿಸಿ ಕೆಲಸ ಬಿಡಬೇಕೆಂದು 2017ರಲ್ಲಿ ಮಹಾನಿರ್ದೇಶನಾಲಯವು ವಿಧಿಸಿತು. ಅವಧಿ ದೀರ್ಘವಾಯಿತೆಂದು ವೈಮಾನಿಕರ ಸಂಘಗಳು ವಾದಿಸಿವೆ; ಆ ವಾದದಲ್ಲಿ ಹುರುಳಿರಬಹುದು. ಆದರೆ 2023ರಲ್ಲಿ 43 ಮಂದಿ ವೈಮಾನಿಕರು ಅವಧಿಯನ್ನು ಪೂರೈಸದೆ ಹೊರಟುಹೋದರೆಂದು ಆಕಾಸಾ ಏರ್ ಸಂಸ್ಥೆಯು ನ್ಯಾಯಾಲಯದ ಮೆಟ್ಟಿಲನ್ನು ಹತ್ತಿದ ಪ್ರಸಂಗವು ಶೋಭೆ ತರುವಂತಹುದಲ್ಲ. ಒಪ್ಪಂದವು ಅನ್ಯಾಯವೆನಿಸಿದರೆ ಅದನ್ನು ಎದುರಿಸಿ ಹೋರಾಡಬೇಕು. ಬೆಳಗಾಗುವುದರೊಳಗೆ ಮಾಯವಾಗುವುದು ನಮ್ಮ ಮನೆಗಳ ಸಂಸ್ಕಾರವಲ್ಲ. ಹಿಂದಿನ ಸಹೋದ್ಯೋಗಿಯ ತಲೆಯ ಮೇಲೆ ತನ್ನ ಪಾಳಿಯನ್ನೂ ಹೊರಿಸಿ ತಾನು ಮನೆಯಲ್ಲಿ ನಿದ್ರಿಸುವವನಿಗೆ ನನ್ನ ಸಮರ್ಥನೆಯಿಲ್ಲ. ನನ್ನ ಶಿಷ್ಯನು ವರ್ಷವಿಡೀ ಅವಧಿಯನ್ನು ಸವೆಸಿ, ಕೊನೆಯ ಹಾರಾಟವನ್ನೂ ಮುಗಿಸಿಯೇ ಹೊರಗೆ ಬಂದನು.

ದೂರಯಾನವು ನಿಂತುಹೋಗಲೆಂದು ನಾನು ಹೇಳುವುದಿಲ್ಲವೆಂಬುದನ್ನೂ ಸ್ಪಷ್ಟಪಡಿಸುತ್ತೇನೆ. ಖಂಡಗಳ ನಡುವೆ ವಿಮಾನಗಳು ಹಾರಲೇಬೇಕು. ಅದರಲ್ಲಿ ಆನಂದವನ್ನು ಕಾಣುವ ತರುಣರಿದ್ದಾರೆ. ಶರೀರವೂ ಮನೆಯೂ ಒಪ್ಪುವಷ್ಟು ಕಾಲ ಅವರು ಹಾರಲಿ, ಅವರಿಗೆ ಕೀರ್ತಿ ಬರಲಿ. ಆದರೆ ಅದು ಒಂದು ವಯಸ್ಸಿನ, ಒಂದು ಅವಧಿಯ ಕೆಲಸವಾಗಿರಲಿ. ಮರಳಿ ಬರುವ ದಾರಿಯನ್ನು ಸಮಾಜವೇ ನಿಂದೆಯ ಮುಳ್ಳಿನಿಂದ ಮುಚ್ಚದಿರಲಿ. ಹೊರಡುವಾಗ ಆರತಿ ಎತ್ತಿದ ಕೈಗಳೇ ಮರಳುವಾಗ ಬೆರಳು ತೋರಿಸಿದರೆ, ಮರಳಬೇಕಾದವನು ಮರಳುವುದಿಲ್ಲ. ದಣಿದವನು ದಣಿವನ್ನು ಮುಚ್ಚಿಟ್ಟು ಹಾರುತ್ತಲೇ ಇರುತ್ತಾನೆ. ಆ ವಿಮಾನದಲ್ಲಿ ಕುಳಿತಿರುವವರು ನಮ್ಮ ಮಕ್ಕಳು, ಮೊಮ್ಮಕ್ಕಳು.

ರಾಮಾಯಣದ ಪುಷ್ಪಕಕ್ಕಿಂತ ದೊಡ್ಡ ವಿಮಾನವನ್ನು ನಮ್ಮ ಕಲ್ಪನೆಯು ಕಂಡಿಲ್ಲ. ಶ್ರೀರಾಮನು ಅದನ್ನು ಏರಿದುದು ಲೋಕಸಂಚಾರಕ್ಕಲ್ಲ. ಲಂಕೆಯಿಂದ ಅಯೋಧ್ಯೆಗೆ, ತಾಯಂದಿರೂ ತಮ್ಮನೂ ಕಾದಿದ್ದ ಮನೆಗೆ. ನೆಲಕ್ಕಿಳಿದೊಡನೆ ಅವನು ಮಾಡಿದ ಕೆಲಸಗಳಲ್ಲಿ ಒಂದು, ಆ ವಿಮಾನವನ್ನು ಅದರ ಒಡೆಯನಾದ ಕುಬೇರನ ಬಳಿಗೆ ಕಳುಹಿಸಿಬಿಟ್ಟುದು. ಪುಷ್ಪಕವನ್ನು ಬಿಟ್ಟನೆಂದು ಅವನನ್ನು ಹಳಿದವರು ಅಯೋಧ್ಯೆಯಲ್ಲಿ ಒಬ್ಬರೂ ಇರಲಿಲ್ಲ. ಹೊಸಬಾಳೆಯ ಜಗುಲಿಯ ಮೇಲಿದ್ದ ನನ್ನ ಮಿತ್ರರು ಅಷ್ಟು ದೊಡ್ಡ ಮನಸ್ಸನ್ನು ಮಾಡಬೇಕಾಗಿಲ್ಲ. ಮುಂದಿನ ಬಾರಿ ಆ ತಂದೆಯು ಪಂಕ್ತಿಯಲ್ಲಿ ಕುಳಿತಾಗ, “ಮಗ ಊರ ಹತ್ತಿರ ಬಂದನಂತೆ, ಒಳ್ಳೆಯದಾಯಿತು” ಎಂದು ಒಂದು ಮಾತು ಹೇಳಿದರೆ ಸಾಕು. ಅಂದು ನಾನು ಹೇಳಬೇಕಾಗಿದ್ದುದೂ ಆ ಒಂದು ಮಾತೇ. ಹೇಳದೆ ಉಳಿದುದಕ್ಕೆ ಅವರ ಕ್ಷಮೆಯನ್ನು ಬೇಡಿ ಲೇಖನಿಯನ್ನು ಕೆಳಗಿಡುತ್ತೇನೆ.